ಗುರುವಾರದ ಎದೆಬಡಿತ

ಗುರುವಾರ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕಟ್ಟುಹಲ್ಲು ಮಾಡುವ ಹಲ್ಲಿನಕ್ಕನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಮೇಣದ ಒಸಡಿಗೆ ಕೂರಿಸುತ್ತಿದ್ದ ಮುಂಬಲ್ಲು ಚಿಮಟದಿಂದ ಜಾರಿ, ಉರುಳಿಕೊಂಡು ಹೋಗಿ, ಒಳಗೆ ಬಂದವನ ಚಪ್ಪಲಿಯ ಹತ್ತಿರ ನಿಂತಿತು.

ಬಂದವನು ಅಚ್ಚಿನವನು. ಪ್ರತಿ ಗುರುವಾರ ಕ್ಲಿನಿಕ್ಕುಗಳಿಂದ ರೋಗಿಗಳ ಬಾಯಿಯ ಅಚ್ಚು ತಂದುಕೊಟ್ಟು, ಅವಳು ಮಾಡಿಟ್ಟ ಹಲ್ಲಿನ ಸೆಟ್ಟುಗಳನ್ನು ಒಯ್ಯುವುದು ಅವನ ಕೆಲಸ. ಐವತ್ತು ದಾಟಿದ ಮನುಷ್ಯ. ಬಗ್ಗಿ ಹಲ್ಲನ್ನು ಎತ್ತಿ, ಅಂಗಿಗೆ ಒರೆಸಿ ಮೇಜಿನ ಮೇಲಿಟ್ಟ.

“ಕೈ ನಡುಗ್ತಾ ಇದೆಯಲ್ಲ ಮೇಡಂ. ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ನೀವು ಬಂದ್ರೆ ಹೀಗೆ ಎದೆ ಹೊಡ್ಕೊಳ್ಳತ್ತೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನಾಲಗೆ ಕಚ್ಚಿಕೊಂಡಳು. ಅವನು ರಸೀದಿಗೆ ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಇಳಿದುಹೋದ.

ಊರಿನ ಅರ್ಧಕ್ಕರ್ಧ ಬಾಯಿಗಳು ಹಲ್ಲಿನಕ್ಕನಿಗೆ ಗೊತ್ತು. ಅವಳ ಜೊತೆ ಮಾತಾಡುವ ಬಾಯಿ ಮಾತ್ರ ಒಂದೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು, ಮುಂದಿನ ಕೋಣೆಯಲ್ಲಿ ಹಲ್ಲು ಕೂರಿಸುತ್ತಿದ್ದಳು. ಕೆಲವು ತಿಂಗಳ ಹಿಂದೆ ವಾರಗಟ್ಟಲೆ ಜ್ವರ ಬಂದು ಹೋದ ಮೇಲೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ದೂರದಲ್ಲಿದ್ದ ತಂಗಿ ಫೋನಿನಲ್ಲೇ ಮದ್ದು ಹೇಳಿದಳು: “ಕೆಲ್ಪ್ ಅಂತ ಕಡಲಕಳೆ ಮಾತ್ರೆ ಸಿಗತ್ತೆ ಕಣೇ ಅಕ್ಕ. ಸಮುದ್ರದ್ದು, ಏನೂ ಮಾಡಲ್ಲ.” ಡಬ್ಬಿಯ ಮೇಲೆ ದಿನಕ್ಕೊಂದು ಎಂದಿತ್ತು. ಒಂದರಿಂದ ಇಷ್ಟಾದರೆ ನಾಲ್ಕರಿಂದ ಎಷ್ಟಾಗಬೇಡ ಎಂದು ಅವಳು ದಿನಕ್ಕೆ ನಾಲ್ಕು ನುಂಗಿದಳು. ಮೂರು ತಿಂಗಳಿಗೆ ನೆತ್ತಿಯ ಮೇಲೆ ಅರ್ಧ ಬೆರಳುದ್ದದ ಕೂದಲು ಹುಲ್ಲಿನಂತೆ ಎದ್ದು ನಿಂತಿತು. “ಚಿಗುರ್ತಾ ಇದೆ ಮೇಡಂ” ಎಂದು ಮೊದಲು ಗುರುತಿಸಿದವನು ಅಚ್ಚಿನವನೇ. ಆಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಅಂಗೈ ಬೆವರಿತು, ಉಂಗುರ ಸಡಿಲವಾಯಿತು. ಉಳಿದ ದಿನಗಳಲ್ಲಿ ಎದೆ ಹೊಡೆದುಕೊಂಡರೆ ಅವನ ನೆನಪಾಗಿರಬೇಕು ಎಂದುಕೊಂಡು, ಕೂತು ನೆನಪು ಮಾಡಿಕೊಂಡಳು. ನಲವತ್ತಾರಕ್ಕೆ ಇದೆಂಥ ಹುಚ್ಚು ಎಂದು ಕನ್ನಡಿಗೆ ಬೈದಳು. ಬೈಯುವಾಗ ನಗುವೂ ಬಂತು.

ಮುಂದಿನ ಗುರುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೊದಲ ಸಲ ಕೂತು ಟೀ ಕುಡಿದ. ಲೋಟದೊಳಗೆ ನೋಡುತ್ತಲೇ ಹೇಳಿದ: “ಹೆಂಡತಿ ಹೋಗಿ ಒಂಬತ್ತು ವರ್ಷ. ಮನೆ ಬೀಗ ತೆಗೆದ ತಕ್ಷಣ ರೇಡಿಯೋ ಹಾಕ್ತೀನಿ. ಕೇಳೋಕಲ್ಲ. ಒಳಗೆ ಯಾರೋ ಇದಾರೆ ಅನ್ನಿಸ್ಲಿ ಅಂತ.”

ಆ ವಾರವೇ ಅವಳು ಮಾಡಿದ ಎರಡು ಸೆಟ್ಟು ಕ್ಲಿನಿಕ್ಕಿನಿಂದ ವಾಪಸು ಬಂದವು. ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಹಲ್ಲನ್ನೂ ಓರೆಯಾಗಿ ಕೂರಿಸದ ಕೈ. ಹೆದರಿಕೆಯಾಗಿ ಡಾಕ್ಟರಮ್ಮನ ಹತ್ತಿರ ಹೋದಳು. ಆಕೆ ನಾಡಿ ಹಿಡಿದರು, ಕುತ್ತಿಗೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

“ಏನಾದ್ರೂ ಮಾತ್ರೆ ತಗೊಳ್ತಾ ಇದೀರಾ?”

“ಕೂದಲಿಗೆ ಅಂತ... ಬರೀ ಕಡಲಕಳೆ.”

“ಬರೀ ಅಲ್ಲಮ್ಮ, ಅದರ ತುಂಬ ಅಯೋಡಿನ್. ಮೈಯಲ್ಲಿ ಅದು ಕಡಿಮೆ ಇದ್ದೋರಿಗೆ ಸ್ವಲ್ಪ ಕೊಟ್ರೆ ಕೂದಲಿಗೂ ಒಳ್ಳೇದೇ. ನಿಮಗೆ ಕಡಿಮೆ ಇತ್ತು ಅಂತ ಯಾರು ಹೇಳಿದ್ರು? ಜಾಸ್ತಿಯಾಗಿ ಥೈರಾಯ್ಡ್ ಗ್ರಂಥಿ ಹುಚ್ಚೆದ್ದು ಕೂತಿದೆ. ಎದೆ ಹೊಡ್ಕೊಳ್ಳೋದು, ಕೈ ನಡುಕ, ನಿದ್ದೆ ಬರದೇ ಇರೋದು, ಎಲ್ಲ ಅದರದ್ದೇ.”

“ಎಲ್ಲಾನೂ ಅದರದ್ದೇನಾ ಡಾಕ್ಟ್ರೇ?”

“ಎಲ್ಲಾನೂ. ಜ್ವರಕ್ಕೆ ಉದುರಿದ ಕೂದಲು ಹೇಗೂ ತಾನಾಗೇ ಬರ್ತಿತ್ತು. ಇವತ್ತಿಂದ ಅದನ್ನ ಮುಟ್ಟಬೇಡಿ.”

ಮುಟ್ಟಲಿಲ್ಲ. ಎರಡು ತಿಂಗಳಿಗೆ ಕೈ ಹದಕ್ಕೆ ಬಂತು, ರಾತ್ರಿ ತುಂಬ ನಿದ್ದೆ ಬಂತು. ಒಂದು ಗುರುವಾರ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಬರೀ ಹೆಜ್ಜೆ ಸದ್ದಾಗಿ ಕೇಳಿಸಿತು. ಬಿದ್ದ ಹಲ್ಲಿನ ಸಂದಿಯನ್ನು ನಾಲಗೆ ತಡವುವ ಹಾಗೆ ಅವಳು ಎದೆಯೊಳಗೆ ತಡವಿ ತಡವಿ ನೋಡಿದಳು. ಏನೂ ಸಿಗಲಿಲ್ಲ. ಬಾಗಿಲಲ್ಲಿ, ಕಿವಿಯ ಮೇಲೆ ಕೂದಲು ನರೆತ ಒಬ್ಬ ಒಳ್ಳೆಯ ಮನುಷ್ಯ ಅಚ್ಚಿನ ಡಬ್ಬಿ ಹಿಡಿದು ನಿಂತಿದ್ದ.

ಟೀ ಮುಗಿಸಿ ಅವನು ತಡವರಿಸುತ್ತ ಕೇಳಿದ: “ಈಗ್ಲೂ ಹೊಡ್ಕೊಳ್ಳತ್ತಾ ಮೇಡಂ, ಎದೆ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ರೇಡಿಯೋ ಹಾಕಿಕೊಂಡು ಬದುಕುವವನಿಗೆ ಇನ್ನೊಂದು ಸುಳ್ಳು ಸದ್ದು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

“ಇಲ್ಲ. ಅದು... ಕೂದಲಿಗೆ ತಗೊಳ್ತಿದ್ದ ಮಾತ್ರೆಯಿಂದ ಬರ್ತಿತ್ತಂತೆ. ನಿಲ್ಲಿಸಿದ ಮೇಲೆ ನಿಂತುಹೋಯ್ತು. ನನಗೂ ಗೊತ್ತಿರಲಿಲ್ಲ.”

ಅವನು ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ.

“ವಾಸಿ ಆಯ್ತಲ್ಲ, ಒಳ್ಳೇದಾಯ್ತು ಬಿಡಿ” ಎಂದ. ಸೆಟ್ಟುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡ, ಮರೆಯದೆ ರಸೀದಿಗೆ ಸಹಿ ಹಾಕಿಸಿಕೊಂಡ. ಬಾಗಿಲ ತನಕ ಹೋದವನು ಅಲ್ಲೇ ನಿಂತ. ತಿರುಗಲಿಲ್ಲ.

“ಆದ್ರೆ ಮೇಡಂ, ನಾನು ಯಾವ ಮಾತ್ರೇನೂ ತಗೊಳ್ತಾ ಇರ್ಲಿಲ್ಲ.”