ಕಾದಂಬರಿಗೆ ಅಡ್ಡಿ

ನಿವೃತ್ತರಾದಾಗಿನಿಂದ ತಿಪ್ಪಯ್ಯ ಮೇಷ್ಟ್ರು ಕಾದಂಬರಿ ಬರೆಯುತ್ತಿದ್ದರು. ಹಾಗಂತ ಬೀದಿಯವರೆಲ್ಲ ನಂಬಿದ್ದರು. ಎರಡು ಸಾಲು ಟೈಪ್ ಮಾಡುವಷ್ಟರಲ್ಲಿ ಹಳೇ ಕಂಪ್ಯೂಟರಿನಲ್ಲಿ ಅವರು ಬರೆಯುತ್ತಿದ್ದ ಬ್ರೌಸರ್ ತಾನಾಗಿಯೇ ಮುಚ್ಚಿಹೋಗುತ್ತಿತ್ತು. "ಈ ದರಿದ್ರದ್ದು ಬಿಟ್ಟರೆ ತಾನೆ ಬರೆಯೋದು!" ಎಂದು ಗೊಣಗಿ ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಗಂಡನ ಸಂಕಟ ನೋಡಲಾರದೆ ಕಮಲಾಕ್ಷಮ್ಮ ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಫರ್ಜಾನಾಳನ್ನು ಕರೆಸಿದರು.

"ಟೆಂಪರರಿ ಫೈಲುಗಳು ರಾಶಿ ಬಿದ್ದಿದ್ದವು ಸರ್. ಪಾಪ, ಇದಕ್ಕೆ ಉಸಿರಾಡೋಕೂ ಜಾಗ ಇರಲಿಲ್ಲ. ಎಲ್ಲ ಗುಡಿಸಿ ಹಾಕಿದ್ದೀನಿ. ಇನ್ನು ಎಷ್ಟು ಹೊತ್ತು ಬರೆದರೂ ನಿಲ್ಲಲ್ಲ," ಎಂದಳು ಫರ್ಜಾನಾ.

"ಇನ್ನು ನಿಮ್ಮನ್ನ ಹಿಡಿಯೋರಿಲ್ಲ ಬಿಡಿ!" ಎಂದು ಹಿಗ್ಗುತ್ತ ಕಮಲಾಕ್ಷಮ್ಮ ಕಾಫಿ ತರಲು ಒಳಗೆ ಹೋದರು.

ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತರು. ಬಿಳಿಯ ಪುಟ ತೆರೆದುಕೊಂಡೇ ಇತ್ತು. ಒಂದು ಸಾಲು ಬರೆದು ಅಳಿಸಿದರು. ಇನ್ನೊಂದು ಬರೆದು ಅದನ್ನೂ ಅಳಿಸಿದರು. ಬ್ರೌಸರ್ ಮುಚ್ಚಿಹೋಗಲೇ ಇಲ್ಲ. ಮೇಷ್ಟ್ರ ಹಣೆ ಬೆವರಿತು.

ಅಡುಗೆಮನೆಯ ಕಡೆ ಒಮ್ಮೆ ನೋಡಿ, ಹೊರಡಲು ಚೀಲ ಹೆಗಲಿಗೇರಿಸಿದ್ದ ಫರ್ಜಾನಾಳ ಹತ್ತಿರ ಬಂದು ಪಿಸುಗುಟ್ಟಿದರು:

"ಇದು ಮೊದಲಿನ ಹಾಗೇ ಕೆಡೋ ಥರ ಮಾಡಿಕೊಡ್ತೀಯೇನಮ್ಮಾ?"