ಸನ್ಮಾನಿತರ ನುಡಿ

ಮೂರನೆಯ ಭಾಷಣ ಮುಗಿಯುವ ಹೊತ್ತಿಗೆ ಆಶಾರಾಣಿಯ ತಲೆಯ ಮೇಲಿನ ಮೈಸೂರು ಪೇಟ ಜಾರಿ ಎರಡೂ ಕಿವಿ ಮುಚ್ಚಿತ್ತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕಲಾಭಿಮಾನಿ ಬಳಗದ ಅಧ್ಯಕ್ಷ ಸಿದ್ದರಾಜು ತಾವು ಬಳಗ ಕಟ್ಟಿದ ಕಥೆಯನ್ನು ಎರಡನೇ ಸಲ ಶುರು ಮಾಡಿದ್ದರು. ಸನ್ಮಾನವೇನೋ ಅವಳಿಗೆ, ಆದರೆ ಹಿಂದಿನ ಫ್ಲೆಕ್ಸಿನಲ್ಲಿ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದವರು ಸಿದ್ದರಾಜು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅವಳ ಮುಖ, ಅದರ ಕೆಳಗೆ 'ಖ್ಯಾತ ಕಿರುತೆರೆ ನಟಿ' ಎಂಬ ಬಿರುದು.

ಅವಳು ಒಂದೇ ಒಂದು ಧಾರಾವಾಹಿಯಲ್ಲೂ ಮುಖ ತೋರಿಸಿದವಳಲ್ಲ. ಒಂಬತ್ತು ವರ್ಷಗಳಿಂದ ಮಾಡುತ್ತಿರುವುದು ದನಿ ಕೊಡುವ ಕೆಲಸ. ಜಪಾನಿನ ಅನಿಮೆ ಕಾರ್ಟೂನ್ ಸರಣಿಗಳು ಕನ್ನಡಕ್ಕೆ ಬಂದಾಗ, ಮೊಬೈಲ್ ಗೇಮಿನಲ್ಲಿ ರಾಕ್ಷಸಿಯೊಬ್ಬಳು ಬಾಯಿ ತೆರೆದಾಗ, ಆ ಬಾಯೊಳಗೆ ಇರುವವಳು ಆಶಾರಾಣಿ. ಬೆಳಿಗ್ಗೆ ಫ್ಲೆಕ್ಸ್ ನೋಡಿದ ಕೂಡಲೇ ಇದನ್ನು ಹೇಳಿಯೂ ಇದ್ದಳು.

"ಪ್ರಿಂಟ್ ಆಗ್ಹೋಗಿದೆ ಮೇಡಂ," ಅಂದಿದ್ದರು ಸಿದ್ದರಾಜು. "ಬೊಂಬೆಗಳಿಗೆ ದನಿ ಕೊಡ್ತಾರೆ ಅಂದ್ರೆ ಜನ ನಗ್ತಾರೆ. ನಟಿ ಅಂದ್ರೆ ನಮ್ ಬಳಗಕ್ಕೂ ಒಂದು ತೂಕ."

ತೂಕ ಮಾಡಿಸಿಕೊಳ್ಳಲು ಅವಳೇನೂ ಹುಟ್ಟೂರು ಕುಶಾಲನಗರದವರೆಗೆ ಬಂದಿರಲಿಲ್ಲ. ಬಂದದ್ದು, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಅವ್ವ ಸಿದ್ದಮ್ಮನಿಗಾಗಿ. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಸಿದ್ದಮ್ಮ "ಆಫೀಸಲ್ಲಿ ಅವ್ಳೆ" ಎಂದು ಮಾತು ಮುಗಿಸುತ್ತಿದ್ದಳು. ಅದಕ್ಕೆ ಕಾರಣವಿತ್ತು. ಒಮ್ಮೆ ಮಗಳ ಮನೆಗೆ ಹೋದಾಗ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆಯೊಳಗೆ ಆಶಾರಾಣಿ ಯಾವುದೋ ಗೇಮಿಗಾಗಿ ಸಾಯುತ್ತಿದ್ದಳು. ಬಾಣ ತಗುಲಿ ಸಾಯುವುದು, ಬೆಂಕಿಯಲ್ಲಿ ಸಾಯುವುದು, ಬೆಟ್ಟದಿಂದ ಬಿದ್ದು ಸಾಯುವುದು, ಒಂದೊಂದೂ ನಾಲ್ಕು ನಾಲ್ಕು ಸಲ. ಸಿದ್ದಮ್ಮ ಆವತ್ತು ಸಂಜೆ ಮಗಳಿಗೆ ದೃಷ್ಟಿ ತೆಗೆದು, "ಇಂಥ ಕೆಲ್ಸ ಅಂತ ಊರಲ್ಲಿ ಯಾರ್ ಹತ್ರಾನೂ ಉಸುರ್ಬೇಡ ಕಣೆ," ಅಂದಿದ್ದಳು. ಆ ಮಾತು ಆಶಾರಾಣಿಯ ಎದೆಯಲ್ಲಿ ಇನ್ನೂ ಹಾಗೇ ಇತ್ತು.

ಅವ್ವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹೊಗೆರಾಣಿ ಎಂಬ ಮಾಟಗಾತಿ ಇಡೀ ಪಟ್ಟಣವನ್ನು ಸುಡುವ ಸರಣಿಯಿಂದಲೇ ಮಗಳ ಅನ್ನ ಗಟ್ಟಿಯಾದದ್ದು. ಆ ಹೊಗೆರಾಣಿಯ ದನಿ ಸಿದ್ದಮ್ಮನದು. ಶುಂಠಿ ಹೊಲಕ್ಕೆ ನುಗ್ಗಿದ ದನಗಳ ಹಿಂದೆ ದೊಣ್ಣೆ ಹಿಡಿದು ಓಡುತ್ತಾ ಅವ್ವ ಹಾಕುತ್ತಿದ್ದ ಕೂಗನ್ನು ಮಗಳು ಹಾಗೇ ಎತ್ತಿ ಮೈಕಿನ ಮುಂದೆ ಇಟ್ಟಿದ್ದಳು. ಇದನ್ನು ಇವತ್ತು ಊರಿನ ಮುಂದೆ ಹೇಳಬೇಕು, ಅವ್ವ ತಲೆಯೆತ್ತಿ ಕೂರಬೇಕು ಎಂಬುದೊಂದೇ ಅವಳ ಆಸೆ. ಎರಡು ನಿಮಿಷ ಸಾಕಿತ್ತು. ಆಹ್ವಾನ ಪತ್ರಿಕೆಯಲ್ಲಿ 'ಸನ್ಮಾನಿತರ ನುಡಿ' ಎಂದು ಅಚ್ಚಾಗಿಯೂ ಇತ್ತು.

"ಸರ್, ನಂದು..." ಎಂದು ಅವಳು, ಭಾಷಣ ಮುಗಿಸಿ ಪಕ್ಕದಲ್ಲಿ ಕೂತ ಅಧ್ಯಕ್ಷರತ್ತ ಎರಡು ಸಲ ಬಾಗಿದಳು. ಸಿದ್ದರಾಜು ಎರಡು ಸಲವೂ "ಆಮೇಲೆ ಮೇಡಂ, ಆಮೇಲೆ," ಅಂದರು. ಮೂರನೇ ಸಲ ಅವರೇ ಎದ್ದು, "ಸಮಯದ ಅಭಾವದಿಂದ ಸನ್ಮಾನಿತರ ನುಡಿಯನ್ನು ಕೈಬಿಡಲಾಗಿದೆ," ಎಂದು ಘೋಷಿಸಿ, ಆ ಅಭಾವದ ಬಗ್ಗೆಯೇ ಹತ್ತು ನಿಮಿಷ ಮಾತಾಡಿದರು. ದನಿಗೆಂದು ಕರೆದವಳನ್ನು ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇನ್ನೊಂದು ಬುಟ್ಟಿಯಂತೆ ಕೂರಿಸಿದ್ದ ಈ ಮಹಾನುಭಾವರಿಗೆ ಕಲೆಯ ಮೇಲೆ ಅದೆಂಥ ಅಭಿಮಾನ! ಮುಂದಿನ ಸಾಲಿನಲ್ಲಿ ಸಿದ್ದಮ್ಮ ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ನಿಂತಳು.

ಅಷ್ಟರಲ್ಲಿ ವೇದಿಕೆಗೆ ಒಂದು ಚೀಟಿ ಬಂತು. ಭವನದ ಗೇಟಿಗೆ ಅಡ್ಡವಾಗಿ ಬಿಳಿ ಕಾರೊಂದು ನಿಂತಿದೆ, ಊಟದ ವ್ಯಾನು ಒಳಗೆ ಬರಲಾಗುತ್ತಿಲ್ಲ. ಸಿದ್ದರಾಜು ಮೈಕಿನ ಮುಂದೆ ಕೆಮ್ಮಿದರು. ಮತ್ತೆ ಕೆಮ್ಮಿದರು. ಮಾತು ಹೊರಡಲಿಲ್ಲ.

"ಗಂಟ್ಲು ಕಟ್ಬಿಟ್ಟಿದೆ ಮೇಡಂ," ಎಂದು ಪಿಸುಗುಟ್ಟಿ ಚೀಟಿ ನೀಡಿದರು. "ನಿಮ್ದು ಇದೇ ಕೆಲ್ಸ ಅಲ್ವಾ? ಇದೊಂದು ಓದ್ಬಿಡಿ."

ಆಶಾರಾಣಿ ಪೇಟ ತೆಗೆದು ಅವರ ಕುರ್ಚಿಯ ಮೇಲಿಟ್ಟಳು. ಕಾಲು ಅಗಲಿಸಿ ನಿಂತು, ಅವ್ವನನ್ನೇ ನೋಡುತ್ತಾ ಹೊಟ್ಟೆಯಾಳದಿಂದ ಉಸಿರೆಳೆದುಕೊಂಡಳು. ಒಮ್ಮೆ ಕಣ್ಣಾಡಿಸಿ ಮಡಿಸಿದ ಚೀಟಿಯನ್ನು ಅವಳು ಮತ್ತೆ ಬಿಡಿಸಲೇ ಇಲ್ಲ.

"ಯಾವನ್ಲಾ ಅವ್ನು! ಕಣ್ಣು ನೆತ್ತಿಗೇರೈತಾ? ಊರ್ ದಾರೀಗೆ ಅಡ್ಡ ನಿಂತ್ಕಂಡು ಮೇಯ್ತಾ ಇದೀಯಲ್ಲಾ, ಆಚೀಗ್ ನಡೀ! ನಾ ಬಂದ್ರೆ ಕಾಲ್ ಮುರೀತೀನಿ!"

ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಹಿಂದಿನ ಸಾಲುಗಳಲ್ಲಿ ಎರಡು ಗಂಟೆಯಿಂದ ಫೋನಿಗೆ ತಲೆ ಬಗ್ಗಿಸಿದ್ದ ಮಕ್ಕಳು ಒಟ್ಟಿಗೇ ಎದ್ದು, "ಹೊಗೆರಾಣಿ! ಹೊಗೆರಾಣಿ!" ಎಂದು ಕುರ್ಚಿ ಹತ್ತಿ ಕುಣಿದವು. ಸಿದ್ದರಾಜು ಜೇಬಿನಲ್ಲಿ ಕೀ ತಡಕುತ್ತಾ ವೇದಿಕೆಯ ಪಕ್ಕದ ಮೆಟ್ಟಿಲಿನಿಂದ ಇಳಿದು ಹೋದರು.

ಆಶಾರಾಣಿ ಕೆಳಗಿಳಿದು ಬಂದಾಗ ಸಿದ್ದಮ್ಮ ನಿಂತಲ್ಲೇ ನಿಂತಿದ್ದಳು.

"ಅದು ನಾನಲ್ವೇನೆ?"

"ನೀನೇ ಅವ್ವ. ಒಂಬತ್ತು ವರ್ಷದಿಂದ ನೀನೇ."

"ಇಷ್ಟು ಕೂಗಿದ್ಕೆ ಸಂಬ್ಳ ಕೊಡ್ತಾರಾ?"

"ಕೊಡ್ತಾರೆ. ಮಕ್ಕಳು ಕೈ ಬೇರೆ ತಟ್ತಾವೆ."

ಸಿದ್ದಮ್ಮ ಕುಣಿಯುತ್ತಿದ್ದ ಮಕ್ಕಳನ್ನು ನೋಡಿದಳು. ಗೇಟಿನಾಚೆ ಬಿಳಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ ಅಧ್ಯಕ್ಷರನ್ನು ನೋಡಿದಳು.

"ನಲವತ್ತು ವರ್ಷ ಬಿಟ್ಟಿ ಕೂಗ್ದೆ ಕಣೆ," ಅಂದಳು. "ಕೂಗ್ದಾಗೆಲ್ಲಾ ನಿಮ್ಮಪ್ಪ ಬಾಯ್ ಮುಚ್ಚೇ ಅಂತಿದ್ರು."