ಬೋಲ್ಟಿಗೆ ಬೊಟ್ಟು

ಗ್ಯಾರೇಜಿನಲ್ಲಿ ಪ್ಯಾಕೆಟ್ ಬಿಚ್ಚಿದ ಮೆಕ್ಯಾನಿಕ್ ಚಿತ್ತಯ್ಯ ಹೌಹಾರಿದ. ಅನುಷಾ ರೇಸಿಗೆಂದೇ ತರಿಸಿದ್ದ ಇಂಜಿನ್ನಿನ ಹೊಸ ಕನೆಕ್ಟಿಂಗ್ ರಾಡ್ ಬೋಲ್ಟುಗಳು ತಲೆಯಿಂದ ಥ್ರೆಡ್‌ವರೆಗೆ ಅರಿಶಿನ ಕುಂಕುಮದಲ್ಲಿ ಮಿಂದಿದ್ದವು.

“ದೇವರ ಮುಂದೆ ಇಟ್ಟು ಪೂಜೆ ಮಾಡೀನಿ ಕಣಪ್ಪ. ಹೊಸ ಸಾಮಾನು ಹಂಗೇ ಹಾಕಬಾರ್ದು,” ಎಂದಳು ಅನುಷಾಳ ಜೊತೆ ಬಂದಿದ್ದ ಅವಳ ಅತ್ತೆ ಕೆಂಚಕ್ಕ.

ಭಾನುವಾರ ಐಮಂಗಲದ ಬಯಲಿನಲ್ಲಿ ಕಾರು ರೇಸು. ಹಳೆಯ ಬೋಲ್ಟುಗಳು ಆ ಓಟಕ್ಕೆ ತಾಳವು, ಒಂದು ತುಂಡಾದರೂ ರಾಡು ಇಂಜಿನ್ನಿನ ಹೊಟ್ಟೆ ಸೀಳಿಕೊಂಡು ಆಚೆ ಬರುತ್ತದೆ ಎಂದು ಚಿತ್ತಯ್ಯನೇ ಹೆದರಿಸಿದ್ದ. ಥಳಥಳ ಹೊಳೆಯುವ ಡೂಪ್ಲಿಕೇಟುಗಳನ್ನು ಪಕ್ಕಕ್ಕೆ ತಳ್ಳಿ ಈ ಗಟ್ಟಿ ಜಾತಿಯನ್ನು ಆರಿಸಿದ್ದೂ ಅವನೇ. ಈಗ ಬೇರೆ ದಾರಿ ಕಾಣದೆ ಎಲ್ಲವನ್ನೂ ಪೆಟ್ರೋಲಿನ ಡಬ್ಬಿಗೆ ಸುರಿದ.

“ಅಯ್ಯೋ, ಪೂಜೆ ತೊಳೆದ್ಬಿಟ್ಟೆಲ್ಲೋ!”

“ಥ್ರೆಡ್‌ನಾಗೆ ಪುಡಿ ಕುಂತ್ರೆ ಬೋಲ್ಟು ಸರಿಯಾಗಿ ಬಿಗಿಯಾಗಲ್ಲ ಕಣಕ್ಕ.”

“ಹಂಗಾದ್ರೆ ನನ್ ಸೊಸೆ ಈ ಕಾರು ಹತ್ತಲ್ಲ. ನಡಿಯೇ ಅನುಷಾ, ಹೋಗಾಣ.”

ಅನುಷಾಳ ಮುಖ ಸಪ್ಪಗಾಯಿತು. ಮನೆಯವರೆಲ್ಲ ಬೇಡವೆಂದಾಗ ರೇಸಿಗೆ ಅವಳ ಹೆಸರು ಕೊಡಿಸಿದ್ದವಳೇ ಈ ಅತ್ತೆ. ಅವಳ ಮಾತು ಮೀರುವುದು ಹೇಗೆ?

ಚಿತ್ತಯ್ಯ ತಲೆ ಕೆರೆದುಕೊಂಡ. ಬಿಗಿದ ಬೋಲ್ಟಿನ ತಲೆಗೆ ಗುರುತು ಹಾಕುವ ಕೆಂಪು ಪೇಂಟ್ ಪೆನ್ನು ಜೇಬಿನಲ್ಲೇ ಇತ್ತು. ಅದನ್ನು ಕೆಂಚಕ್ಕನ ಕೈಗಿಟ್ಟ. “ಕುಂತ್ಕಳಕ್ಕ. ಸರಿಯಾಗಿ ಬಿಗಿಯಾದ್ರೆ ಈ ರೆಂಚು ಟಕ್ ಅಂತೈತೆ. ಹಂಗಂದಾಗೆಲ್ಲ ನೀನೇ ಒಂದೊಂದು ಬೊಟ್ಟು ಇಡು.”

ಕೆಂಚಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಟಕ್ ಎಂದಿತು, ತೇರುಮಲ್ಲೇಶ್ವರನ ಹೆಸರು ಹೇಳಿ ಬೊಟ್ಟಿಟ್ಟಳು. ಮತ್ತೆ ಟಕ್, ಮತ್ತೆ ಬೊಟ್ಟು. ಅನುಷಾಳಿಗೆ ನಗು ತಡೆಯಲಾಗಲಿಲ್ಲ. ಗಂಡಾಂತರ ಕಳೆಯಿತೆಂದು ಚಿತ್ತಯ್ಯನಿಗೂ ಹುರುಪು ಬಂತು. ಹಿಂದಿನ ರೇಸಿನಲ್ಲಿ ತಾನು ಕಟ್ಟಿದ ಇಂಜಿನ್ ಎಲ್ಲರಿಗೂ ಮಣ್ಣು ಮುಕ್ಕಿಸಿದ ಕಥೆ ಶುರು ಹಚ್ಚಿಕೊಂಡ. ಕಥೆಯ ಗುಂಗಿನಲ್ಲೇ ಕೊನೆಯ ಬೋಲ್ಟು ತಿರುಗಿಸಿ, ರೆಂಚು ಕೆಳಗಿಟ್ಟು, ಕೈ ಒರೆಸಿಕೊಂಡ.

“ಮುಗೀತು. ಇಡಕ್ಕ ಬೊಟ್ಟು.”

ಕೆಂಚಕ್ಕ ಪೆನ್ನನ್ನು ಹಿಂದಕ್ಕೆ ಎಳೆದುಕೊಂಡಳು.

“ಇಡಲ್ಲ. ಇದು ಟಕ್ ಅನ್ಲಿಲ್ಲ.”

“ಅಂತು ಬಿಡಕ್ಕ. ಇಪ್ಪತ್ತು ವರ್ಷದ ಕೈ ಇದು.”

“ನಿನ್ ಬಾಯಿ ಅಂತು. ರೆಂಚು ಅನ್ಲಿಲ್ಲ.”

ಚಿತ್ತಯ್ಯ ನಗುತ್ತಲೇ ರೆಂಚು ಹಚ್ಚಿದ. ಬೋಲ್ಟು ತಿರುಗಿತು. ಇನ್ನೂ ತಿರುಗಿತು. ಅವನ ನಗು ಅಲ್ಲಿಗೇ ನಿಂತಿತು. ಆಮೇಲೆ ಕೇಳಿಸಿತು, ಟಕ್. ಅನುಷಾ ಒಂದು ಹೆಜ್ಜೆ ಹಿಂದೆ ಸರಿದಳು. ಭಾನುವಾರ ಆ ಇಂಜಿನ್ನಿನ ಹಿಂದೆ ಕೂರಬೇಕಾದವಳು ಅವಳು. ಚಿತ್ತಯ್ಯ ತಲೆಯೆತ್ತಿ ಅವಳ ಮುಖ ನೋಡಲಾರದೆ ಹೋದ.

ಕೆಂಚಕ್ಕ ನಿಧಾನವಾಗಿ ಬೊಟ್ಟಿಟ್ಟಳು. “ಈಗ ಹತ್ತು ಕಣೇ,” ಎಂದಳು ಸೊಸೆಗೆ. ಪೆನ್ನಿನ ಮುಚ್ಚಳ ಮಾತ್ರ ಹಾಕಲಿಲ್ಲ.

“ಲೇ ಚಿತ್ತಯ್ಯ, ಇತ್ಲಾಗೆ ಬಾ. ಇನ್ನೊಂದು ಬೋಲ್ಟು ಬಾಕಿ ಐತೆ.”

ಅವನು ಬಗ್ಗಿದ. ಕೆಂಚಕ್ಕ ಅವನ ಹಣೆಗೊಂದು ಕೆಂಪು ಬೊಟ್ಟು ಒತ್ತಿದಳು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಕೈಯಲ್ಲೇ ಇದ್ದರೂ ಚಿತ್ತಯ್ಯ ಅದನ್ನು ಒರೆಸಿಕೊಳ್ಳಲಿಲ್ಲ.